ಕವಲೊಡೆಯುವ ಕಾಲ

ನಿಘಂಟು ಮಾಡುವವರಿಗೆ ಒಂದು ವಿಚಿತ್ರವಾದ ಸಂಕಟವುಂಟು. ಪದಸಂಗ್ರಹವೆಂಬುದು ಎಂದಿಗೂ ಮುಗಿಯುವ ಕೆಲಸವಲ್ಲ. ಪುಸ್ತಕವೋ, ಎಂದಾದರೊಂದು ದಿನ ಅಚ್ಚಿಗೆ ಹೋಗಲೇಬೇಕು. ಇಷ್ಟು ಸಾಕು ಎಂದು ಗೆರೆ ಎಳೆದರೆ ಮರುದಿನ ಬೆಳಗ್ಗೆಯೇ ಹೊಸದೊಂದು ಪದ ಬಂದು ಬಾಗಿಲು ತಟ್ಟುತ್ತದೆ. ಗೆರೆ ಎಳೆಯದೆ ಕುಳಿತರೆ ಓದುಗನ ಕೈಗೆ ಏನೂ ಸಿಗುವುದಿಲ್ಲ. ರೆವರೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಾಗ ಕನ್ನಡದ ಪದಗಳೆಲ್ಲ ಅದರಲ್ಲಿ ಅಡಗಿವೆಯೆಂದು ಆ ಮಹಾನುಭಾವರೂ ಭಾವಿಸಿರಲಾರರು. ಸುಮಾರು ಮುಕ್ಕಾಲು ಶತಮಾನದ ತರುವಾಯ ನಮ್ಮ ಈ ಊರಿನ ಮದ್ರಾಸ್ ವಿಶ್ವವಿದ್ಯಾಲಯವೇ ಅದನ್ನು ಪ್ರೊ. ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ, ವಿಸ್ತರಿಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಾಗಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅಕಾರದ ಪದಗಳಿಗೆ ಬಾಗಿಲು ಮುಚ್ಚಿದ ಮೇಲೂ ಹಕಾರದ ಪದಗಳಿಗೆ ಇಪ್ಪತ್ತೈದು ವರ್ಷ ಬಾಗಿಲು ತೆರೆದೇ ಇತ್ತು ಎಂದಾಯಿತು.

ಇದೇ ಸಂಕಟ ಇನ್ನೂ ತೀವ್ರವಾಗಿ ಕಾಡಿದ್ದು ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರನ್ನು. ಅವರಲ್ಲಿಯೂ ಮುಕ್ತ ತಂತ್ರಾಂಶ ಬರೆಯುವವರನ್ನು. ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಬರಹ ಎಲ್ಲರ ಕಣ್ಣಿಗೂ ತೆರೆದಿಟ್ಟದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕಂಪೆನಿಯಲ್ಲಾದರೆ ಮೇಲಧಿಕಾರಿ ಮೇಜು ಗುದ್ದಿ ಇಂಥ ದಿನ ಮಾಲು ಹೊರಬೀಳಬೇಕು ಎನ್ನುತ್ತಾನೆ. ಇಲ್ಲಿ ಮೇಲಧಿಕಾರಿ ಇಲ್ಲ. ಅನೇಕರಿಗೆ ಸಂಬಳವೂ ಇಲ್ಲ. ಬ್ರೆಜಿಲ್‌ನವನೊಬ್ಬ, ಜರ್ಮನಿಯವಳೊಬ್ಬಳು, ಬೆಂಗಳೂರಿನವನೊಬ್ಬ ತಂತಮ್ಮ ಮನೆಗಳಲ್ಲಿ ಕುಳಿತು ಪ್ರತಿದಿನ ಒಂದಿಷ್ಟು ಬರೆದು ಕಳುಹಿಸುತ್ತಾರೆ. ಹರಿದು ಬರುತ್ತಲೇ ಇರುವ ಈ ಬರಹವನ್ನು ಯಾವ ದಿನ ತಡೆದು, ಇದು ಜನರ ಬಳಕೆಗೆ ಎಂದು ಪ್ರತ್ಯೇಕಿಸಬೇಕು? ಆ ಪ್ರತ್ಯೇಕಿಸುವ ಕ್ರಿಯೆಗೆ ಅವರು ಬಿಡುಗಡೆಯ ಕವಲು ಒಡೆಯುವುದು ಎನ್ನುತ್ತಾರೆ.

ತಿರುಚ್ಚಿಯ ಹತ್ತಿರ ಮುಕ್ಕೊಂಬಿಗೆ ಹೋಗಿಬಂದವರು ನಮ್ಮಲ್ಲಿ ಅನೇಕರಿದ್ದಾರೆ. ನಮ್ಮ ಕೊಡಗಿನಿಂದ ಹರಿದು ಬಂದ ಕಾವೇರಿ ಅಲ್ಲಿ ಎರಡಾಗುತ್ತಾಳೆ. ಉಕ್ಕಿ ಬಂದ ನೀರು ಕೊಳ್ಳಿಡಂ ಕಡೆಗೆ. ಗದ್ದೆಗಳಿಗೆ ಬೇಕಾದ ಹದವಾದ ನೀರು ಕಾವೇರಿಯ ಕಡೆಗೆ. ತಂತ್ರಾಂಶದ ಕವಲೂ ಸರಿಸುಮಾರು ಹೀಗೆಯೇ. ಹೊಸ ಪ್ರಯೋಗಗಳ ಪ್ರವಾಹವೆಲ್ಲ ಒಂದು ಕವಲಿನಲ್ಲಿ ಹರಿಯಲಿ; ಇನ್ನೊಂದರಲ್ಲಿ ದೋಷ ತಿದ್ದುವ ಕೆಲಸ ಬಿಟ್ಟು ಬೇರೇನೂ ಬೇಡ; ಅದು ತಿಳಿಯಾದ ಮೇಲೆ ಜನರಿಗೆ ಕೊಡೋಣ. ಆದರೆ ನದಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ, ಕಷ್ಟವೆಲ್ಲ ಇರುವುದು ಅಲ್ಲಿಯೇ. ಒಂದು ಕವಲಿನಲ್ಲಿ ದೋಷ ಕಂಡು ತಿದ್ದಿದರೆ ಅದೇ ತಿದ್ದುಪಡಿಯನ್ನು ಇನ್ನೊಂದಕ್ಕೂ ಕೈಯಾರೆ ಹೊತ್ತೊಯ್ಯಬೇಕು. ಕವಲುಗಳು ದೂರವಾದಷ್ಟೂ ಈ ಹೊರೆ ಹೆಚ್ಚು. ಆದ್ದರಿಂದ ಬೇಗ ಕವಲೊಡೆದರೆ ಇಮ್ಮಡಿ ದುಡಿಮೆ. ಮೇಲಾಗಿ ಜನರೆಲ್ಲ ಹೊಸತರ ಆಸೆಗೆ ಅತ್ತ ಓಡಿ, ಹಳೆಯದರ ದೋಷ ತಿದ್ದಲು ಯಾರೂ ಉಳಿಯುವುದಿಲ್ಲ. ತಡವಾಗಿ ಒಡೆದರೆ ಹೊಸ ಬರಹ ಹೊತ್ತು ತಂದವರೆಲ್ಲ ಬಾಗಿಲಲ್ಲಿ ಕಾಯಬೇಕು. ಕಾದು ಬೇಸತ್ತು ಗೋಡೆ ಹಾರಿ ಒಳಗೆ ಬರುತ್ತಾರೆ.

ಗೋಡೆ ಹಾರಿದ ಕಥೆ ಲಿನಕ್ಸ್ ಚರಿತ್ರೆಯಲ್ಲಿದೆ. ಲಿನಕ್ಸ್ ಹೆಸರು ಕೇಳದವರ ಜೇಬಿನಲ್ಲೂ ಅದು ಇದೆ; ಆಂಡ್ರಾಯ್ಡ್ ಫೋನಿನ ಒಳತಿರುಳು ಅದೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಪ್ರಾರಂಭಿಸಿದ ಈ ತಿರುಳಿಗೆ ಮೊದಲ ದಶಕದಲ್ಲಿ ಒಂದು ಸರಳವಾದ ಕಟ್ಟಳೆಯಿತ್ತು. ಎರಡನೆಯ ಅಂಕಿ ಸರಿಸಂಖ್ಯೆಯಾದರೆ ಅದು ಜನಬಳಕೆಯ ಕವಲು, ಬೆಸಸಂಖ್ಯೆಯಾದರೆ ಪ್ರಯೋಗದ ಕವಲು. 2.2 ಬಳಕೆಗೆ, 2.3 ಪ್ರಯೋಗಕ್ಕೆ, 2.3 ಪಕ್ವವಾದ ಮೇಲೆ ಅದೇ 2.4 ಆಗಿ ಬಳಕೆಗೆ ಬರುವುದು. ನೋಡಲು ಬಹಳ ಅಚ್ಚುಕಟ್ಟು.

2.2 ಬಂದದ್ದು 1999ರ ಜನವರಿಯಲ್ಲಿ. ಮುಂದಿನ ಪ್ರಯೋಗದ ಕವಲು ಮೇ ತಿಂಗಳಲ್ಲಿ ತೆರೆಯಿತು. 2.4 ಅದೇ ವರ್ಷದ ಕೊನೆಯ ವೇಳೆಗೆ ಸಿದ್ಧವಾದೀತೆಂಬ ನಿರೀಕ್ಷೆಯಿತ್ತು. ಬಂದದ್ದು 2001ರ ಜನವರಿ 4ರಂದು. ಸರಿ, ಬಂತಲ್ಲ. ಇನ್ನು ಪದ್ಧತಿಯಂತೆ 2.5 ಯಾವಾಗ? ಇಲ್ಲಿ ಟೊರ್ವಾಲ್ಡ್ಸ್ ಬಿಗಿಹಿಡಿದರು. 2.4 ಇನ್ನೂ ತೊಡರುತ್ತಿದೆ, ಅದು ನೆಟ್ಟಗಾಗುವವರೆಗೆ ಹೊಸ ಕವಲು ಬೇಡ ಎಂಬುದು ಅವರ ನಿಲುವು. ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ತಿಂಗಳ ಮೇಲೆ ತಿಂಗಳು ಉರುಳಿತು. ಹೊಸ ಬರಹಕ್ಕೆ ಹೋಗಲು ಬೇರೆ ಜಾಗವಿಲ್ಲದ್ದರಿಂದ ಅದು ಬಳಕೆಯ ಕವಲಿಗೇ ನುಗ್ಗತೊಡಗಿತು.

ಆ ವರ್ಷ ಎಲ್ಲರಿಗೂ ತಲೆನೋವಾಗಿದ್ದದ್ದು ನೆನಪಿನ ನಿರ್ವಹಣೆ. ಮನೆಗೆ ನೆಂಟರು ಹೆಚ್ಚಾದಾಗ ಯಾವ ಪೆಟ್ಟಿಗೆ ಅಟ್ಟಕ್ಕೆ ಹೋಗಬೇಕು, ಯಾವುದು ಕೆಳಗೇ ಇರಬೇಕು ಎಂದು ನಿರ್ಧರಿಸುವ ಗೃಹಿಣಿಯ ಕೆಲಸವಿದ್ದಂತೆ, ಕಂಪ್ಯೂಟರಿನ ಮೆಮೊರಿ ತುಂಬಿದಾಗ ಏನನ್ನು ಡಿಸ್ಕಿಗೆ ಸಾಗಹಾಕಬೇಕೆಂದು ನಿರ್ಧರಿಸುವ ಭಾಗ ಅದು. ಡಚ್ಚರವನಾದ ರಿಕ್ ವಾನ್ ರೀಲ್ ಬರೆದ ವಿಧಾನ 2.4ರಲ್ಲಿತ್ತು. 2001ರ ಸೆಪ್ಟೆಂಬರಿನಲ್ಲಿ, 2.4.10 ಎಂಬ ಹತ್ತನೆಯ ತಿದ್ದುಪಡಿಯಲ್ಲಿ, ಟೊರ್ವಾಲ್ಡ್ಸ್ ಅದನ್ನು ಕಿತ್ತು ಇಟಲಿಯ ಆಂಡ್ರಿಯಾ ಆರ್ಕಾಂಜೆಲಿಯ ವಿಧಾನವನ್ನು ಇಟ್ಟರು. ಗಮನಿಸಿ, ಇದು ಪ್ರಯೋಗದ ಕವಲಲ್ಲ. ಬ್ಯಾಂಕು, ಕಾರ್ಖಾನೆ, ಕಾಲೇಜುಗಳು ನೆಚ್ಚಿಕೊಂಡಿದ್ದ ಬಳಕೆಯ ಕವಲು. ಸಂಸಾರವಿರುವ ಮನೆಯ ಅಡಿಪಾಯ ಬದಲಿಸಿದಂತಾಯಿತು. ಬ್ರಿಟನ್ನಿನ ಆಲನ್ ಕಾಕ್ಸ್ ಇದನ್ನು ಒಪ್ಪದೆ ಹಳೆಯ ವಿಧಾನವನ್ನೇ ಉಳಿಸಿಕೊಂಡು ತಮ್ಮದೇ ಒಂದು ಪ್ರತಿಯನ್ನು ನಡೆಸುತ್ತ ಹೋದರು. ಅಂದರೆ ಕವಲು ಹೇಗೂ ಒಡೆದೇ ಬಿಟ್ಟಿತ್ತು. ಒಡೆಯಬೇಕಾದವರು ಒಡೆದಿರಲಿಲ್ಲ, ಅಷ್ಟೆ.

ಕೊನೆಗೂ 2001ರ ನವೆಂಬರಿನಲ್ಲಿ 2.5 ತೆರೆಯಿತು. ತೆರೆದ ರೀತಿಯೂ ಸ್ವಾರಸ್ಯವಾಗಿದೆ. 2.4.15 ಎಂಬ ತಿದ್ದುಪಡಿಯನ್ನು ಹೊರಡಿಸಿ, ಅದೇ ಬರಹವನ್ನೇ 2.5.0 ಎಂದೂ ಕರೆದರು. ಅದೇ ದಿನ ಅದರಲ್ಲಿ ಒಂದು ಘೋರವಾದ ದೋಷವೂ ಉಳಿದುಹೋಗಿತ್ತು: ಡಿಸ್ಕನ್ನು ಕಳಚುವ ಹೊತ್ತಿಗೆ ಅದರ ಮೇಲಿನ ಕಡತವ್ಯವಸ್ಥೆಯೇ ಕೆಡುವ ಸಂಭವ. ಕವಲಿನ ಮೂಲದಲ್ಲೇ ದೋಷವಿದ್ದರೆ ಎರಡೂ ಕವಲುಗಳಲ್ಲಿ ಅದು ಹರಿಯುತ್ತದೆ. ಕೆಲವೇ ದಿನಗಳಲ್ಲಿ 2.4.16 ಬಂದು ಅದನ್ನು ಸರಿಪಡಿಸಿತು. ಅಷ್ಟು ಹೊತ್ತಿಗೆ 2.4ರ ಹೊಣೆ ಬ್ರೆಜಿಲ್‌ನ ಮಾರ್ಸೆಲೊ ಟೊಸಾಟಿ ಎಂಬವನ ಕೈಗೆ ಹೋಗಿತ್ತು. ಅವನ ವಯಸ್ಸು ಹದಿನೆಂಟು. ನಮ್ಮ ಮನೆಗಳಲ್ಲಿ ಆ ವಯಸ್ಸಿನವರಿಗೆ ಬ್ಯಾಂಕಿಗೆ ಹೋಗಿ ಚೆಕ್ ಹಾಕಿ ಬಾ ಎಂದು ಹೇಳುವುದಕ್ಕೂ ನಾವು ಎರಡು ಸಲ ಯೋಚಿಸುತ್ತೇವೆ!

ಇನ್ನು 2.5 ಹೇಗೆ ನಡೆಯಿತು? ಪೂರಾ ಎರಡು ವರ್ಷ. 2.6 ಬಂದದ್ದು 2003ರ ಡಿಸೆಂಬರಿನಲ್ಲಿ. ಈ ಎರಡು ವರ್ಷಗಳಲ್ಲಿ ಹೊಸ ಸೌಕರ್ಯಗಳಿಗಾಗಿ ಗಿರಾಕಿಗಳು ಪೀಡಿಸಿದ್ದರಿಂದ ರೆಡ್ ಹ್ಯಾಟ್‌ನಂಥ ಕಂಪೆನಿಗಳು 2.5ರ ತುಂಡುಗಳನ್ನು ಹೆಕ್ಕಿ ತಮ್ಮ ತಮ್ಮ 2.4ಕ್ಕೆ ಹೊಲಿದುಕೊಂಡವು. ಹೆಸರು ಒಂದೇ 2.4, ಒಳಗಿನ ಸರಕು ಕಂಪೆನಿಗೊಂದು ಬಗೆ. ಇದರಿಂದ ಪಾಠ ಕಲಿತ ಅವರು 2004ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದಾಗ 2.7ನ್ನು ತೆರೆಯುವುದೇ ಬೇಡವೆಂದು ತೀರ್ಮಾನಿಸಿದರು. 2005ರ ಮಾರ್ಚಿನಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಎಂಬಿಬ್ಬರು ಪ್ರತಿ ಬಿಡುಗಡೆಯ ದಿನವೇ ಅದರಿಂದ ಒಂದು ಸಣ್ಣ ಕವಲು ತೆಗೆದು, ಅದರಲ್ಲಿ ದೋಷ ತಿದ್ದುವ ಕೆಲಸ ಮಾತ್ರ ಮಾಡುವ ಪದ್ಧತಿಯನ್ನು ಆರಂಭಿಸಿದರು. ಅಂದಿನಿಂದ ಎರಡು ವಾರ ಹೊಸ ಬರಹಕ್ಕೆ ಬಾಗಿಲು ತೆರೆಯುವುದು, ನಂತರ ಏಳೆಂಟು ವಾರ ತಿದ್ದುವುದು, ಬಿಡುಗಡೆ, ಕವಲು, ಪುನಃ ಬಾಗಿಲು. ಒಂಬತ್ತು ಹತ್ತು ವಾರಗಳಿಗೊಮ್ಮೆ ಈ ಚಕ್ರ ತಿರುಗುತ್ತಿದೆ. ಯಾವಾಗ ಕವಲೊಡೆಯಬೇಕೆಂಬ ಪ್ರಶ್ನೆಯ ಕಾವು ಇದರಿಂದ ಬಹುಮಟ್ಟಿಗೆ ಇಳಿಯಿತು. ಬಸ್ಸು ಹತ್ತು ನಿಮಿಷಕ್ಕೊಂದು ಇದ್ದರೆ ಯಾರೂ ಓಡಿಹೋಗಿ ನೇತಾಡುವುದಿಲ್ಲ. ದಿನಕ್ಕೆ ಒಂದೇ ಬಸ್ಸಾದರೆ ಮಾಡಿನ ಮೇಲೂ ಜನ.

ಸರಿಸುಮಾರು ಅದೇ ಕಾಲದಲ್ಲಿ ಫ್ರೀಬಿಎಸ್‌ಡಿ ಎಂಬ ಇನ್ನೊಂದು ತಂಡ ಬೇರೊಂದು ಬಗೆಯಲ್ಲಿ ನಡೆದುಕೊಂಡಿತು. 2003ರ ಜನವರಿಯಲ್ಲಿ 5.0 ಹೊರಡಿಸಿ, ಎಚ್ಚರದಿಂದ ನಡೆಯುವವರು ಸದ್ಯಕ್ಕೆ 4ರಲ್ಲೇ ಇರುವುದು ಮೇಲು ಎಂದು ತಾವೇ ಮುಂಚಿತವಾಗಿ ತಿಳಿಸಿದರು. 5ರ ಬಳಕೆಯ ಕವಲನ್ನು ಒಡೆದದ್ದು 2004ರಲ್ಲಿ, 5.3ರ ಹೊತ್ತಿಗೆ. ಬೆಲೆಯನ್ನೂ ತೆತ್ತರು, ಹಳೆಯ 4ನ್ನು 2005ರವರೆಗೂ ಹೊತ್ತು ನಡೆಯಬೇಕಾಯಿತು. ಆದರೆ ಬಳಸುವವನಿಗೆ ತಾನು ನಿಂತ ನೆಲ ಯಾವುದೆಂದು ಗೊತ್ತಿತ್ತು. ಟೊರ್ವಾಲ್ಡ್ಸ್‌ಗಿಂತ ಇವರ ಮಾರ್ಗವೇ ನನಗೆ ಹೆಚ್ಚು ಮೆಚ್ಚು.

ಚೆನ್ನೈನಲ್ಲಿರುವ ನಮಗೆ ಇನ್ನೂ ಹತ್ತಿರದ ಸಂಬಂಧವಿರುವುದು ಡೆಬಿಯನ್ ಜೊತೆಗೆ. 1993ರಲ್ಲಿ ಇಯಾನ್ ಮರ್ಡಾಕ್ ಹುಟ್ಟುಹಾಕಿದ ಈ ಸ್ವಯಂಸೇವಕ ತಂಡ ಲಿನಕ್ಸ್ ತಿರುಳಿನ ಸುತ್ತ ಸಾವಿರಾರು ತಂತ್ರಾಂಶಗಳನ್ನು ಕಲೆಹಾಕಿ ಒಂದು ಪೂರ್ಣ ವ್ಯವಸ್ಥೆಯನ್ನಾಗಿ ಹಂಚುತ್ತದೆ. ಸಿದ್ಧವಾದಾಗ ಬಿಡುಗಡೆ, ಮೊದಲಲ್ಲ: ಇದು ಅವರ ಹಠ. ಬಿಡುಗಡೆಗೆ ಮೊದಲು ಅವರು ಫ್ರೀಜ್ ಮಾಡುತ್ತಾರೆ. ನಾನು ಇದನ್ನು ಹೆಪ್ಪು ಹಾಕುವುದು ಎನ್ನುತ್ತೇನೆ. ಹೆಪ್ಪು ಬಿದ್ದ ಹಾಲನ್ನು ಅಲುಗಾಡಿಸಬಾರದೆಂಬುದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಮೊದಲು ಹರಿಯುವ ಬರಹವನ್ನೆಲ್ಲ ಒಮ್ಮೆಗೇ ಹೆಪ್ಪು ಹಾಕಿ ತಿಂಗಳುಗಟ್ಟಲೆ ತಿದ್ದುತ್ತಿದ್ದರು. 2000ದ ಕೊನೆಯಲ್ಲಿ ಪರೀಕ್ಷೆಯ ಕವಲೆಂಬ ನಡುಮನೆಯೊಂದನ್ನು ಕಟ್ಟಿದರು. ಹೊಸ ತಂತ್ರಾಂಶ ಹೊರಜಗಲಿಯಲ್ಲಿ ಕೆಲವು ದಿನ ತಕರಾರಿಲ್ಲದೆ ಕಳೆದರೆ ಮಾತ್ರ ನಡುಮನೆಗೆ ಪ್ರವೇಶ. ಹೀಗಾದರೆ ನಡುಮನೆ ಸದಾ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದಲ್ಲ ಎಂಬ ಲೆಕ್ಕ.

ಲೆಕ್ಕ ಕೂಡಿಬರಲಿಲ್ಲ. 2002ರ ಜುಲೈನಲ್ಲಿ ಒಂದು ಬಿಡುಗಡೆಯಾದ ಮೇಲೆ ಸಾರ್ಜ್ ಎಂಬ ಮುಂದಿನದು ಬರಲು 2005ರ ಜೂನ್ ಆಯಿತು. ಕಂಪ್ಯೂಟರಿನಲ್ಲಿ ವ್ಯವಸ್ಥೆಯನ್ನು ಸ್ಥಾಪಿಸಿಕೊಡುವ ಭಾಗವನ್ನೇ ಹೊಸದಾಗಿ ಬರೆಯುತ್ತಿದ್ದರು; ಅದು ಮುಗಿಯದೆ ಹೆಪ್ಪು ಹಾಕುವಂತಿರಲಿಲ್ಲ. ಈ ನಡುವೆ 2004ರ ಅಕ್ಟೋಬರಿನಲ್ಲಿ, ಡೆಬಿಯನ್ನಿನ ಹರಿಯುವ ಬರಹದಿಂದಲೇ ಮೊಗೆದುಕೊಂಡು, ಆರು ತಿಂಗಳಿಗೊಮ್ಮೆ ತಾರೀಖಿಗೆ ಸರಿಯಾಗಿ ಬಿಡುಗಡೆ ಮಾಡುವ ಉಬುಂಟು ಹುಟ್ಟಿ ಜನರನ್ನು ಸೆಳೆದುಕೊಂಡಿತು. ನಮ್ಮ ಪಂಚಾಂಗದವರ ಧರ್ಮವೂ ಇದೇ. ಗಣಿತದಲ್ಲಿ ಇನ್ನೊಂದು ಪರಿಷ್ಕಾರ ಮಾಡಬೇಕೆಂಬ ಆಸೆ ಎಷ್ಟೇ ಇರಲಿ, ಯುಗಾದಿಗೆ ಮೊದಲು ಪಂಚಾಂಗ ಮನೆ ಸೇರಬೇಕು. ಯುಗಾದಿ ಕಳೆದು ಬಂದ ಪಂಚಾಂಗಕ್ಕೆ ಯಾರು ಕಾಸು ಕೊಡುತ್ತಾರೆ?

2006ರಲ್ಲಿ ಮುಂದಿನ ಬಿಡುಗಡೆಯನ್ನಾದರೂ ಡಿಸೆಂಬರಿಗೆ ಮುಗಿಸೋಣವೆಂದು, ಬಿಡುಗಡೆಯ ಉಸ್ತುವಾರಿ ಹೊತ್ತವರಿಗೆ ಹಣ ಕೊಟ್ಟು ಪೂರ್ಣಕಾಲ ಕೂಡಿಸುವ ಏರ್ಪಾಡು ಕೆಲವರಿಂದ ನಡೆಯಿತು. ಹಣವಿಲ್ಲದೆ ದುಡಿಯುತ್ತಿದ್ದ ಕೆಲವರಿಗೆ ಇದರಿಂದ ಮುನಿಸು. ಅವರ ಕೈ ನಿಧಾನವಾಯಿತು. ಬಿಡುಗಡೆ ಆದದ್ದು 2007ರ ಏಪ್ರಿಲ್ 8ರಂದು. ಸಂಘ-ಸಂಸ್ಥೆಗಳಲ್ಲಿ ಗೌರವ ಕಾರ್ಯದರ್ಶಿಯಾಗಿ ದುಡಿದವರಿಗೆ ಈ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. 2009ರ ಜುಲೈನಲ್ಲಿ ಇನ್ನೊಂದು ಯತ್ನ: ಅದೇ ಡಿಸೆಂಬರಿಗೆ ಹೆಪ್ಪು ಎಂದು ತಾರೀಖನ್ನೇ ಸಾರಿದರು. ನಮ್ಮನ್ನು ಕೇಳದೆ ನಿಶ್ಚಯಿಸಿದ್ದೇಕೆಂದು ಗದ್ದಲವಾಗಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊನೆಗೆ ಹೆಪ್ಪು ಬಿದ್ದದ್ದು 2010ರ ಆಗಸ್ಟ್ 6ರಂದು. ಸ್ಕ್ವೀಜ್ ಎಂಬ ಆ ಬಿಡುಗಡೆ ಹೊರಬಂದದ್ದು ಸರಿಯಾಗಿ ಆರು ತಿಂಗಳ ನಂತರ, 2011ರ ಫೆಬ್ರವರಿ 6ರಂದು.

ಈ ತಾರೀಖನ್ನು ನಾವು ಜ್ಞಾಪಕದಲ್ಲಿಡಬೇಕು. ಡೆಬಿಯನ್ ಸ್ಥಾಪಿಸುವ ಪರದೆಯಲ್ಲಿ ಕನ್ನಡ ಕಾಣಿಸಿಕೊಂಡದ್ದು ಆ ಬಿಡುಗಡೆಯಲ್ಲಿ. ಕನ್ನಡದ ಜೊತೆಗೆ ತೆಲುಗು, ಸಿಂಹಳ, ಲಾವೋ ಭಾಷೆಗಳೂ ಬಂದವು. ಒಟ್ಟು ಭಾಷೆಗಳು 70 ಆದವು. ಬರಿಯ ಅಕ್ಷರಗಳ ಕಪ್ಪು ಪರದೆಯಲ್ಲಿ ನಮ್ಮ ಒತ್ತಕ್ಷರ, ಕೊಂಬು, ಇಳಿಗಳನ್ನು ಕೂಡಿಸಿ ತೋರಿಸುವುದು ಆಗದ ಮಾತಾದ್ದರಿಂದ ಚಿತ್ರರೂಪದ ಪರದೆಯಲ್ಲಿ ಮಾತ್ರ.

ಇದಕ್ಕೂ ಕವಲಿಗೂ ಏನು ನಂಟು ಎನ್ನುತ್ತೀರಾ? ಎಲ್ಲ ನಂಟೂ ಇದೆ. ತಂತ್ರಾಂಶ ಪರದೆಯ ಮೇಲೆ ತೋರಿಸುವ ಪ್ರತಿಯೊಂದು ಇಂಗ್ಲಿಷ್ ವಾಕ್ಯವೂ ಒಂದು ಕಡತದಲ್ಲಿರುತ್ತದೆ. ಅದರ ಕೆಳಗೆ ಕನ್ನಡದ ವಾಕ್ಯವನ್ನು ಯಾರೋ ಕುಳಿತು ಬರೆದಿರುತ್ತಾರೆ. ಇಂಗ್ಲಿಷ್ ವಾಕ್ಯದಲ್ಲಿ ಬರೆದಾತ ಒಂದು ಅಲ್ಪವಿರಾಮ ಸೇರಿಸಿದನೆನ್ನಿ. ಆ ಕ್ಷಣದಿಂದ ಕೆಳಗಿನ ಕನ್ನಡಕ್ಕೆ ಸಂದೇಹದ ಗುರುತು ಬೀಳುತ್ತದೆ. ಸಂದೇಹದ ಗುರುತು ಬಿದ್ದ ಅನುವಾದವನ್ನು ಯಂತ್ರ ಬಳಸುವುದಿಲ್ಲ. ಮತ್ತೊಬ್ಬರು ಕಣ್ಣಾಡಿಸಿ ಸರಿ ಎನ್ನುವವರೆಗೂ ಪರದೆಯ ಮೇಲೆ ಇಂಗ್ಲಿಷೇ. ಫ್ರೆಂಚರಿಗೆ, ಜರ್ಮನರಿಗೆ ಇದು ದೊಡ್ಡದಲ್ಲ; ಅವರ ಅನುವಾದಕರ ಪಡೆ ದೊಡ್ಡದು. ಕನ್ನಡಕ್ಕೆ ಬೆರಳೆಣಿಕೆಯ ಜನ, ಅದೂ ಕಚೇರಿ ಮುಗಿಸಿ ಊಟವಾದ ಮೇಲೆ. ಇಂಗ್ಲಿಷ್ ದಿನವೂ ಹರಿಯುತ್ತಿದ್ದರೆ ಇವರು ಎಂದೆಂದೂ ಹಿಂದೆಯೇ. ಹೆಪ್ಪು ಬಿದ್ದು ಮೂಲದ ವಾಕ್ಯಗಳು ನಿಂತಾಗ ಮಾತ್ರ ಇವರು ಓಡಿ ಹೋಗಿ ಸೇರಿಕೊಳ್ಳಬಲ್ಲರು.

ನೋಮ್ ಎಂಬ ಪರದೆ-ವ್ಯವಸ್ಥೆಯ ತಂಡ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡು ನಿಯಮವಾಗಿಸಿತು. ವಾಕ್ಯಗಳಿಗೆ ಹೆಪ್ಪು ಬಿದ್ದ ಮೇಲೆ ಯಾರಾದರೂ ಒಂದು ವಾಕ್ಯವನ್ನು ಮುಟ್ಟಬೇಕಾದರೆ ಅನುವಾದದ ಬಳಗದ ಇಬ್ಬರ ಒಪ್ಪಿಗೆ ಬೇಕು. ಶೇಕಡಾ 80 ಅನುವಾದವಾದ ಭಾಷೆಯನ್ನೇ ತಾವು ಬೆಂಬಲಿಸಿದ ಭಾಷೆಯೆಂದು ಅವರು ಹೇಳಿಕೊಳ್ಳುತ್ತಿದ್ದದ್ದು. ಇಂಥ ಲೆಕ್ಕದಲ್ಲಿ ಕೊನೆಯ ಎರಡು ವಾರಗಳ ಬೆಲೆ ಎಷ್ಟೆಂದು ಊಹಿಸಬಹುದು. ಡೆಬಿಯನ್ ಸ್ಥಾಪನಾ ಪರದೆಯ ಪಟ್ಟಿಯಿಂದ ಹೊರಗುಳಿದಿದ್ದ ವೆಲ್ಷ್ ಭಾಷೆ ಸ್ಕ್ವೀಜ್‌ನ ನಂತರದ ಬಿಡುಗಡೆಯಲ್ಲಿ ಮತ್ತೆ ಸೇರಿತು. ಅಲ್ಲಿ ಸ್ಥಾನವೆಂಬುದು ಒಮ್ಮೆ ಸಿಕ್ಕರೆ ಶಾಶ್ವತವಲ್ಲ. ಪ್ರತಿ ಹೆಪ್ಪಿನ ಹೊತ್ತಿಗೂ ಹೊಸದಾಗಿ ಹಾಜರಿ ಹಾಕಬೇಕು.

ಕವಲೊಡೆಯುವ ಕಾಲದ ಬಗ್ಗೆ ನಡೆದ ವಾದಗಳನ್ನು ಓದುವಾಗ ನನಗೆ ಎದ್ದು ಕಂಡದ್ದು ಇದೇ. ವಾದವೆಲ್ಲ ಬರೆಯುವವರ ಅನುಕೂಲದ ಸುತ್ತ ನಡೆಯುತ್ತದೆ: ಇಮ್ಮಡಿ ದುಡಿಮೆ, ಕಾಯುವ ಬೇಸರ, ಹೊಸತರ ಉತ್ಸಾಹ. ಆದರೆ ಕವಲು ಬೇಕಾಗಿರುವುದು ಮುಂದೆ ಓಡುವವರಿಗಲ್ಲ. ಹಿಂದಿನಿಂದ ನಡೆದು ಬರುವವರಿಗೆ, ಅಂದರೆ ಅನುವಾದಕರಿಗೆ, ಕೈಪಿಡಿ ಬರೆಯುವವರಿಗೆ, ಪಾಠ ಹೇಳುವ ಮೇಷ್ಟ್ರಿಗೆ, ನಮ್ಮಂಥ ಕಚೇರಿ ಗುಮಾಸ್ತರಿಗೆ. ಐದು ವರ್ಷ ಒಂದೇ ಪರದೆ, ಒಂದೇ ಗುಂಡಿ ಇದ್ದರೆ ಯುವಕರು ಹಳೇ ಸಾಮಾನೆಂದು ಮೂಗುಮುರಿಯುತ್ತಾರೆ. ನಿವೃತ್ತಿಗೆ ಎರಡು ವರ್ಷವಿರುವ ಸೂಪರಿಂಟೆಂಡೆಂಟರನ್ನು ಕೇಳಿ ನೋಡಿ, ಅದರ ಸುಖ ಅವರು ಹೇಳುತ್ತಾರೆ.

ಈ ಮಾತು ನಮ್ಮ ಊರಿನಲ್ಲೇ ರುಜುವಾತಾಗಿದೆ. ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರ ಮತ್ತು ಅಣ್ಣಾ ವಿಶ್ವವಿದ್ಯಾಲಯದ ಎಯು-ಕೆಬಿಸಿ ಸಂಶೋಧನಾ ಕೇಂದ್ರ ಕೂಡಿ ನಡೆಸಿದ ಮುಕ್ತ ತಂತ್ರಾಂಶದ ರಾಷ್ಟ್ರೀಯ ಕೇಂದ್ರದಿಂದ 2007ರ ಜನವರಿಯಲ್ಲಿ ಬಾಸ್, ಅಂದರೆ ಭಾರತ್ ಆಪರೇಟಿಂಗ್ ಸಿಸ್ಟಂ ಸಲ್ಯೂಷನ್ಸ್, ಹೊರಬಂತು. ಸರ್ಕಾರಿ ಕಚೇರಿ, ಶಾಲೆಗಳಿಗಾಗಿ, ಭಾರತೀಯ ಭಾಷೆಗಳ ಸೌಕರ್ಯದೊಂದಿಗೆ ಸಿದ್ಧಪಡಿಸಿದ ವ್ಯವಸ್ಥೆ. ಅವರು ಎಲ್ಲವನ್ನೂ ಮೊದಲಿನಿಂದ ಬರೆಯಲು ಹೋಗಲಿಲ್ಲ. ಡೆಬಿಯನ್ನಿನ ಮೇಲೆ ಕಟ್ಟಿದರು. ಹಾಗೆ ಕಟ್ಟುವವನಿಗೆ ಹರಿಯುವ ನೀರಿನಲ್ಲಿ ಕಂಬ ನೆಡಲಾಗುವುದಿಲ್ಲ. ಎಲ್ಲೋ ದೂರದಲ್ಲಿ ಡೆಬಿಯನ್ನಿನವರು ಹೆಪ್ಪಿನ ತಾರೀಖಿನ ಬಗ್ಗೆ ಕಚ್ಚಾಡಿದರೆ, ಅದರ ಫಲ ಒಂದೆರಡು ವರ್ಷದ ತರುವಾಯ ನಮ್ಮ ದೇಶದ ಯಾವುದೋ ಕಚೇರಿಯ ಮೇಜಿಗೆ ಬಂದು ಮುಟ್ಟುತ್ತದೆ. ಎರಡನೆಯ ಶನಿವಾರಗಳಂದು ಐಐಟಿ ಮದ್ರಾಸಿನಲ್ಲಿ ಹಲವು ವರ್ಷ ಕೂಡುತ್ತಿದ್ದ ಚೆನ್ನೈ ಲಿನಕ್ಸ್ ಬಳಗದವರಿಗೆ ಇದೆಲ್ಲ ಕರತಲಾಮಲಕ. ನಮ್ಮವರು ಅಂಥ ಕಡೆ ಕಾಣಿಸಿಕೊಳ್ಳುವುದು ಕಡಿಮೆಯೆಂಬುದು ಬೇರೆ ಮಾತು.

ಡೆಬಿಯನ್ ಈಗ ಎರಡೂ ಪಕ್ಷಗಳನ್ನು ಒಂದು ಬಗೆಯಲ್ಲಿ ಕೂಡಿಸಿಕೊಂಡಿದೆ. ಹೆಪ್ಪಿಗೆ ತಾರೀಖು ಉಂಟು. ಬಿಡುಗಡೆ ಮಾತ್ರ ಸಿದ್ಧವಾದಾಗ. ಹೆಪ್ಪೂ ಒಮ್ಮೆಲೇ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಟ್ರಿಕ್ಸಿ ಎಂಬ 13ನೆಯ ಆವೃತ್ತಿಗೆ 2025ರ ಮಾರ್ಚ್ 15ರಂದು ದೊಡ್ಡ ಬದಲಾವಣೆಗಳಿಗೆ ಬಾಗಿಲು ಮುಚ್ಚಿತು, ಏಪ್ರಿಲ್ 15ರಂದು ಇನ್ನಷ್ಟು ಬಿಗಿ, ಮೇ 15ರಂದು ಮತ್ತಷ್ಟು, ಜುಲೈ 27ರಂದು ಪೂರ್ಣ. ಆಗಸ್ಟ್ 9ರಂದು ಬಿಡುಗಡೆ. ಮುಂದಿನದಕ್ಕೆ ಫೋರ್ಕಿ ಎಂದು ಹೆಸರಿಟ್ಟಿದ್ದಾರೆ. ಈ ವಿಚಿತ್ರ ಹೆಸರುಗಳೆಲ್ಲ ಟಾಯ್ ಸ್ಟೋರಿ ಎಂಬ ಮಕ್ಕಳ ಚಲನಚಿತ್ರಗಳ ಪಾತ್ರಗಳವು. ಬಿಡುಗಡೆಗಳ ನಡುವೆ ಸುಮಾರು ಎರಡು ವರ್ಷವಿರುವುದು ವಾಡಿಕೆ. ಫೋರ್ಕಿಗೆ ಹೆಪ್ಪು ಬೀಳುವ ಮೊದಲು ಕನ್ನಡದ ಕಡತಗಳನ್ನು ಕೂತು ನೋಡುವವರು ಬೇಕು. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಡ. ಒಳ್ಳೆಯ ಕನ್ನಡ ಮತ್ತು ವಾರಕ್ಕೆ ಒಂದೆರಡು ಸಂಜೆ ಸಾಕು. ನಮ್ಮ ಮನೆಗಳಲ್ಲಿ ಕನ್ನಡ ಓದಬಲ್ಲ ಮಕ್ಕಳೂ, ಬಿಡುವಿರುವ ಹಿರಿಯರೂ ಇದ್ದಾರೆ. ಒಬ್ಬರಿಗೆ ಕಂಪ್ಯೂಟರ್ ಬರುತ್ತದೆ, ಇನ್ನೊಬ್ಬರಿಗೆ ಕನ್ನಡ ಬರುತ್ತದೆ.